ಕೊನೆಯ ಸಾಲಿನ ವಂದನೆ

ಪತ್ರಕರ್ತರ ಸುರಕ್ಷತೆಗೆಂದು ಬೇಲಾಪುರದಲ್ಲಿ ನಡೆದ ತರಬೇತಿಯಲ್ಲಿ ನನಗೆ ಮೊದಲು ಕಲಿಸಿದ್ದು, ಗುಂಡಿನ ಸದ್ದು ಕೇಳಿದ ಕೂಡಲೇ ನೆಲಕ್ಕೆ ಹೇಗೆ ಬೀಳಬೇಕು ಎಂಬುದನ್ನು. ನಾನು ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಹೋಗಿದ್ದೆ. ದೆಹಲಿಯಿಂದ ಬಂದಿದ್ದ ತರಬೇತುದಾರರು ಎರಡು ಮೂರು ಯುದ್ಧಗಳನ್ನು ಕಣ್ಣಾರೆ ಕಂಡವರಂತೆ. ಅವರು "ಡೌನ್" ಎಂದದ್ದೇ ತಡ, ಮರಾಠಿ, ಹಿಂದಿ, ಗುಜರಾತಿ ಪತ್ರಿಕೆಗಳವರೆಲ್ಲ ದಡಬಡನೆ ಮಲಗಿದರು. ನಾನು ನೆರಿಗೆ ಹಿಡಿದುಕೊಂಡು, ಚೀಲ ಪಕ್ಕಕ್ಕಿಟ್ಟು, ಮಲಗಲು ತಯಾರಾಗುವಷ್ಟರಲ್ಲಿ ಅವರೆಲ್ಲ ಎದ್ದು ಬಟ್ಟೆ ಕೊಡವಿಕೊಳ್ಳುತ್ತಿದ್ದರು. "ಮೇಡಂ, ಆಪ್ ತೋ ಗಯೀ," ಎಂದು ತರಬೇತುದಾರರು ನನ್ನನ್ನು ಸತ್ತವರ ಪಟ್ಟಿಗೆ ಸೇರಿಸಿದರು.

ಸತ್ತವಳಿಗೂ ಊಟವಿತ್ತು. ಊಟದ ಹೊತ್ತಿಗೆ ಅವರೇ ಬಂದು, ನಿಮ್ಮ ಕೆಲಸದಲ್ಲಿ ಈವರೆಗೆ ಎದುರಾದ ದೊಡ್ಡ ಅಪಾಯ ಯಾವುದು ಎಂದು ಕೇಳಿದರು. ನಾನು ಡೊಂಬಿವಲಿಯಿಂದ ಒಂದು ಕನ್ನಡ ದಿನಪತ್ರಿಕೆಗೆ ಬರೆಯುತ್ತಿದ್ದೆ. ಊರಿನ ಕನ್ನಡ ಸಂಘದ ವಾರ್ಷಿಕೋತ್ಸವ, ಭಜನಾ ಮಂಡಳಿಯ ಮಂಗಲೋತ್ಸವ, ಮಹಿಳಾ ವಿಭಾಗದ ಅರಿಶಿನ ಕುಂಕುಮ, ಇವು ನನ್ನ ರಣರಂಗಗಳು. ಯೋಚಿಸಿ ನಿಜವನ್ನೇ ಹೇಳಿದೆ: ಒಮ್ಮೆ ವೇದಿಕೆಯಲ್ಲಿದ್ದವರ ಪಟ್ಟಿಯಲ್ಲಿ ಖಜಾಂಚಿಯವರ ಹೆಸರು ಬಿಟ್ಟುಹೋಗಿ, ಅವರ ಹೆಂಡತಿ ನನ್ನನ್ನು ತರಕಾರಿ ಮಾರ್ಕೆಟ್ಟಿನಲ್ಲಿ ಅಟ್ಟಿಸಿಕೊಂಡು ಬಂದಿದ್ದರು. ತರಬೇತುದಾರರು ನಗಲಿಲ್ಲ. ಅವರಿಗೆ ನಮ್ಮ ಜನ ಗೊತ್ತಿರಲಿಲ್ಲ.

ನಮ್ಮ ಪತ್ರಿಕೆಯ ವರದಿಗಳಿಗೆ ಒಂದು ಕಟ್ಟು ಇತ್ತು. ಮೊದಲು ಪ್ರಾರ್ಥನೆ ಹಾಡಿದವರು, ಆಮೇಲೆ ಸ್ವಾಗತಿಸಿದವರು, ದೀಪ ಬೆಳಗಿದವರು, ಮಾತಾಡಿದವರು, ಕಡೆಗೆ ಸಹಕರಿಸಿದವರಿಗೆ ವಂದನೆ. ಮುಖ್ಯ ಅತಿಥಿ ಏನು ಹೇಳಿದರು ಎಂಬುದು ಬಿಟ್ಟುಹೋದರೆ ಯಾರೂ ಕೇಳುತ್ತಿರಲಿಲ್ಲ. ಹೆಸರು ಬಿಟ್ಟುಹೋದರೆ ಬೆಳಗ್ಗೆ ಏಳಕ್ಕೇ ಫೋನು. ಆ ಕಟ್ಟನ್ನು ಇಪ್ಪತ್ತೈದು ವರ್ಷಗಳಿಂದ ಕಾಯ್ದುಕೊಂಡು ಬಂದವರು ನಮ್ಮ ಹಿರಿಯ ಉಪಸಂಪಾದಕರು. ಉಡುಪಿ ಕಡೆಯ ಸಾಧು ಮನುಷ್ಯ.

ಸಂಜೆ ಮುಗಿಸುವಾಗ ತರಬೇತುದಾರರು ಮೂರು ಮಾತು ಬರೆದುಕೊಳ್ಳಿ ಎಂದರು. ಹೋಗುವ ಜಾಗ ಮನೆಯವರಿಗೆ ಗೊತ್ತಿರಲಿ. ಹೊರಗೆ ಬರುವ ಎರಡು ದಾರಿ ಮೊದಲೇ ನೋಡಿಟ್ಟುಕೊಳ್ಳಿ. ಮಾಹಿತಿ ಕೊಟ್ಟವರ ಹೆಸರನ್ನು ಎಲ್ಲಿಯೂ, ಯಾವ ಚೀಟಿಯಲ್ಲಿಯೂ ಬರೆಯಬೇಡಿ. ಮೊದಲಿನ ಎರಡನ್ನು ನಾನು ಶ್ರದ್ಧೆಯಿಂದ ಪಾಲಿಸಿದೆ.

ಎರಡು ತಿಂಗಳ ನಂತರ ನಮ್ಮ ಸಂಘದ ಸದಸ್ಯರೊಬ್ಬರು ಫೋನ್ ಮಾಡಿ, ಗುಟ್ಟಾಗಿ ಮಾತಾಡಬೇಕು, ಡೊಂಬಿವಲಿ ಬೇಡ, ಕಲ್ಯಾಣಕ್ಕೆ ಬನ್ನಿ ಎಂದರು. ಕೆಮಿಕಲ್ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಕೆಲಸ ಅವರಿಗೆ. ಸಂಘದ ಪ್ರತಿ ಕಾರ್ಯಕ್ರಮದಲ್ಲೂ ಕುರ್ಚಿ ಹಾಕುವವರು, ಮೈಕ್ ಕಟ್ಟುವವರು, ಕೊನೆಗೆ ಕುರ್ಚಿ ಮಡಚುವವರು ಅವರೇ. ಹನ್ನೆರಡು ವರ್ಷ ನಾನು ಅವರನ್ನು ನೋಡಿದ್ದೆ, ಒಮ್ಮೆಯೂ ಅವರ ಹೆಸರು ಬರೆದಿರಲಿಲ್ಲ. ವೇದಿಕೆ ಹತ್ತದವರ ಹೆಸರು ನಮ್ಮ ಕಟ್ಟಿನಲ್ಲಿ ಬರುತ್ತಿರಲಿಲ್ಲ.

ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಅವರು ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದರು, ಯಾರಿಗೂ ಗುರುತು ಸಿಗದಿರಲಿ ಎಂದು. ಅಷ್ಟು ದೊಡ್ಡ ಸೇತುವೆಯಲ್ಲಿ ಹೆಲ್ಮೆಟ್ ಹಾಕಿದ ಮನುಷ್ಯ ಅವರೊಬ್ಬರೇ ಆದ್ದರಿಂದ ಹೋಗಿಬರುವವರೆಲ್ಲ ಅವರನ್ನೇ ನೋಡಿಕೊಂಡು ಹೋಗುತ್ತಿದ್ದರು.

"ತೆಗೀರಿ ಅದನ್ನ, ಎಲ್ಲಾರೂ ನೋಡಾಕತ್ಯಾರ," ಎಂದೆ.

"ಬೇಡ ಅಕ್ಕ, ಒಟ್ಟು ಗುರ್ತ ಸಿಕ್ಕಿದ್ರೆ ಕತೆ ಮುಗೀತು," ಎಂದು ಗಾಜು ಮಾತ್ರ ಒಂದಿಷ್ಟು ಎತ್ತಿದರು. "ನಮ್ಮ ಫ್ಯಾಕ್ಟರಿಯ ಟ್ಯಾಂಕರ್ ಬೆಳಿಗ್ಗೆ ಬೇಗ ಹಿಂದಿನ ನಾಲೆಗೆ ಖಾಲಿ ಆಗ್ತದೆ. ಶುದ್ಧ ಮಾಡಿದ ನೀರು ಅಂತ ರಿಪೋರ್ಟಿಗೆ ಸಹಿ ಹಾಕುದು ನಾನು. ಹಾಕಿ ಹಾಕಿ ಸಾಕಾಯ್ತು ಮಾರಾಯ್ರೇ. ನನ್ನ ಮನೆಯೂ ಅದೇ ನಾಲೆ ಬದಿಯಲ್ಲಿ ಉಂಟು." ಹಿಂದೆ ಇದೇ ವಿಷಯ ಬಾಯಿ ಬಿಟ್ಟ ಒಬ್ಬ ಕೆಲಸಗಾರನನ್ನು ರಿಕ್ಷಾ ಸ್ಟ್ಯಾಂಡಿನ ಹತ್ತಿರ ಯಾರೋ ಹಿಡಿದು ಕೈ ಮುರಿದಿದ್ದರು. ಅವನು ಸಂಬಳವನ್ನೂ ಕೇಳದೆ ಊರಿಗೆ ಹೋದ. "ಫೋಟೊ ಬೇಡ, ಹೆಸರು ಬೇಡ, ನಾನು ಅಂತ ವಾಸನೆಯೂ ಬರಬಾರ್ದು," ಎಂದು ಮೂರು ಸಲ ಆಣೆ ಹಾಕಿಸಿಕೊಂಡರು.

ನಾಲೆಯಾಚೆಯ ಸೊಸೈಟಿಯಲ್ಲಿ ನನ್ನ ಗೆಳತಿಯ ಮನೆಯಿತ್ತು. ಅವಳ ಟೆರೇಸಿನಲ್ಲಿ ಮೂರು ದಿನ ಬೆಳಗಿನ ಆರು ಗಂಟೆಗೆ ಸಂಡಿಗೆ ಒಣಹಾಕುವ ನೆಪದಲ್ಲಿ ಕೂತು ಟ್ಯಾಂಕರಿನ ನಂಬರು, ಬಂದ ಹೊತ್ತು, ಹೋದ ಹೊತ್ತು ಬರೆದುಕೊಂಡೆ. ಆಗಿನ್ನೂ ಮೊಬೈಲ್ ಕ್ಯಾಮೆರಾಗಳ ಕಾಲವಲ್ಲ; ಮೈದುನನ ರೋಲ್ ಕ್ಯಾಮೆರಾದಲ್ಲಿ ಚಿತ್ರ ತೆಗೆದು ಕಚೇರಿಗೆ ಕಳಿಸಿದೆ. ನಾಲೆಯ ನೀರನ್ನು ಎರಡು ಬಾಟಲಿಗಳಲ್ಲಿ ತುಂಬಿ, ಒಂದನ್ನು ಪರಿಚಯದ ಕಾಲೇಜಿನ ಪ್ರಯೋಗಾಲಯಕ್ಕೆ ಕೊಟ್ಟೆ, ಇನ್ನೊಂದನ್ನು ಮನೆಯಲ್ಲಿಟ್ಟೆ. ಯಜಮಾನರು ಅದನ್ನು ಕೋಕಂ ಶರಬತ್ತು ಎಂದುಕೊಂಡು ಫ್ರಿಜ್ಜಿಗಿಟ್ಟಿದ್ದರು. ತೆಗೆದು ಎಸೆಯುವಾಗ ನನಗೆ ಬಂದ ನಡುಕ ಬೇಲಾಪುರದಲ್ಲಿ ಬಂದಿರಲಿಲ್ಲ. ಪರೀಕ್ಷೆಯ ಫಲಿತಾಂಶ ಬಂತು, ನೀರಲ್ಲ ಅದು, ಆಸಿಡ್ಡು. ಫ್ಯಾಕ್ಟರಿಗೆ ಫೋನ್ ಮಾಡಿದರೆ ಇಟ್ಟುಬಿಟ್ಟರು. ಅದನ್ನೂ ಬರೆದೆ.

ವರದಿ ಕೈಬರಹದಲ್ಲಿ ಸಿದ್ಧವಾಯಿತು. ಸಂಪಾದಕರು ಫೋನಿನಲ್ಲಿ, "ಹೇಳಿದವರು ಯಾರು ಅಂತ ನನಗೆ ಗೊತ್ತಿಲ್ಲದೆ ಹಾಕುವುದಿಲ್ಲ. ಕೆಳಗೆ ಬರೆದು ಕಳಿಸಿ, ನಾನೊಬ್ಬನೇ ನೋಡುತ್ತೇನೆ," ಎಂದರು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನಿದ್ದದ್ದು ಎಸ್‌ಟಿಡಿ ಬೂತಿನಲ್ಲಿ, ಹಿಂದೆ ನಾಲ್ಕು ಜನ ಸಾಲು ನಿಂತಿದ್ದರು. ಹೆಸರನ್ನು ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದು ಸುರಕ್ಷಿತ ಎಂದು ನನ್ನ ಬುದ್ಧಿಗೆ ತೋಚಿತು. ಕೊನೆಯ ಹಾಳೆಯ ತಳದಲ್ಲಿ "ಸಂಪಾದಕರಿಗೆ ಮಾತ್ರ" ಎಂದು ಬರೆದು, ಅದರ ಕೆಳಗೆ "ಮಾಹಿತಿ ಕೊಟ್ಟು ಸಹಕರಿಸಿದವರು" ಎಂದು ಅವರ ಹೆಸರು ಬರೆದು ಫ್ಯಾಕ್ಸ್ ಮಾಡಿದೆ. ತಪ್ಪು ನನ್ನದೇ. ಇದನ್ನು ಇಲ್ಲೇ ಹೇಳಿಬಿಡುವುದು ವಾಸಿ, ಮುಂದೆ ನಾನು ಉಪಸಂಪಾದಕರ ಮೇಲೆ ಕೂಗಾಡುವುದಿದೆ.

ಮರುದಿನ ಬೆಳಗ್ಗೆ ಆರೂವರೆಗೆ ಡೊಂಬಿವಲಿ ಸ್ಟೇಷನ್ ಹೊರಗಿನ ಪೇಪರ್ ಸ್ಟಾಲಿಗೆ ಹೋದೆ. ಮೂರನೇ ಪುಟದ ಅರ್ಧಭಾಗ ನನ್ನ ವರದಿ, ಮೇಲೆ ನಾಲೆಯ ಚಿತ್ರ. ಹೊಟ್ಟೆಯೊಳಗೆ ಹಿಗ್ಗು. ಓದುತ್ತಾ ಕೊನೆಯ ಸಾಲಿಗೆ ಬಂದೆ. "ಮಾಹಿತಿ ನೀಡಿ ಸಹಕರಿಸಿದ ಶ್ರೀ" ಎಂದು ಶುರುವಾಗಿ, ಲ್ಯಾಬಿನವರ ಪೂರ್ತಿ ಹೆಸರು ಬಂದು, "ಅವರಿಗೆ ವಂದನೆ ಸಲ್ಲಿಸಲಾಯಿತು" ಎಂದು ಮುಗಿದಿತ್ತು.

ಸ್ಟಾಲಿನ ಪಕ್ಕದ ಬೂತಿನಿಂದಲೇ ಪತ್ರಿಕೆಯ ಕಚೇರಿಗೆ ಫೋನ್ ಹಚ್ಚಿದೆ. ಅಲ್ಲೇ ಮಲಗುತ್ತಿದ್ದ ಉಪಸಂಪಾದಕರು ಎತ್ತಿಕೊಂಡರು. ಸಂಪಾದಕರು ಹಿಂದಿನ ದಿನ ಮದುವೆಗೆ ಹೋಗಿದ್ದರಂತೆ. ಫ್ಯಾಕ್ಸಿನಲ್ಲಿ "ಸಂಪಾದಕರಿಗೆ ಮಾತ್ರ" ಎಂಬ ಸಾಲಿನ ಮೇಲೆ ಕಪ್ಪು ಪಟ್ಟಿ ಬಂದು ಓದಲು ಆಗಿರಲಿಲ್ಲ. ಕೆಳಗಿನ ಹೆಸರು ಮಾತ್ರ ಸ್ಪಷ್ಟವಾಗಿತ್ತು.

"ಏನ್ ಮಾಡಿಟ್ರಿ ಸರ್ ನೀವು! ಆ ಮನುಷ್ಯಾನ ಕೈಕಾಲು ಮುರೀತಾರಲ್ರೀ!"

"ಹೆಸರು ಬಿಟ್ಟದ್ದಕ್ಕೆ ಬೈಸಿಕೊಂಡದ್ದು ಗೊತ್ತುಂಟಮ್ಮ," ಎಂದರು ಅವರು. "ಹಾಕಿದ್ದಕ್ಕೆ ಬೈಸಿಕೊಳ್ಳುದು ಇದೇ ಮೊದಲು. ನಾನು ಎಂತ ಮಾಡ್ಲಿ ಹೇಳಿ, ಮಾಡ್ತೇನೆ." ನಾನು ಇನ್ನೂ ಕೂಗಬೇಕೆಂದಿದ್ದೆ, ಆಗಲಿಲ್ಲ.

ಲ್ಯಾಬಿನವರ ಮನೆಗೆ ಫೋನ್ ಹಚ್ಚಿದೆ, ಅವರು ಆಗಲೇ ಡ್ಯೂಟಿಗೆ ಹೊರಟು ನಿಂತಿದ್ದರು. ವಿಷಯ ಹೇಳಿದೆ, ನೇರೂಳಿನ ನಿಮ್ಮ ತಂಗಿಯ ಮನೆಗೆ ಹೋಗಿಬಿಡಿ ಎಂದೆ. "ಹೋದ್ರೆ ನಾನೇ ಅಂತ ಆಯ್ತಲ್ಲ," ಎಂದರು. ಅವರ ಮಾತು ಬೇಲಾಪುರದವರ ಮಾತಿಗಿಂತ ಸರಿಯಾಗಿತ್ತು. "ನಮ್ಮ ಮಾಲೀಕ ಶೇಟ್‌ಗೆ ಕನ್ನಡ ಬರುದಿಲ್ಲ. ಆದ್ರೆ ಹಾಜರಿ ಬರೆಯುವ ಟೈಮ್ ಆಫೀಸಿನವರು ಕುಂದಾಪುರದವ್ರು, ಹೋಟ್ಲಲ್ಲಿ ಕೂತು ಇದೇ ಪೇಪರ್ ಓದಿಯೇ ಡ್ಯೂಟಿಗೆ ಬರುದು. ಶೇಟ್‌ಗೆ ಕನ್ನಡ ಓದಿ ಹೇಳುದೂ ಅವ್ರೇ." ಹೇಳಿ ಫೋನಿಟ್ಟರು.

ಸ್ಟಾಲಿನಲ್ಲಿದ್ದ ಅಷ್ಟೂ ಪ್ರತಿಗಳನ್ನು ಕೊಂಡೆ. ಸ್ಟಾಲಿನ ಮರಾಠಿ ಹೆಂಗಸು, "ಕಾಯ್ ತಾಈ, ಫೋಟೊ ಆಲಾಯ್ ಕಾ?" ಎಂದು ನಗುತ್ತಾ ಕೇಳಿ, ನನ್ನ ಫೋಟೊ ಬಂದಿರಬೇಕೆಂದು ತಾನೇ ಪುಟ ತಿರುಗಿಸಿ ಹುಡುಕಿದಳು. ಕಟ್ಟನ್ನು ಬಗಲಲ್ಲಿಟ್ಟುಕೊಂಡು ರಿಕ್ಷಾ ಹಿಡಿದು ಫ್ಯಾಕ್ಟರಿ ರಸ್ತೆಯ ಉಡುಪಿ ಹೋಟೆಲಿಗೆ ಹೋದೆ. ಆದರೆ ಹೋಟೆಲಿಗೆ ಪೇಪರ್ ಬೇರೆ ಕಡೆಯಿಂದ ಬರುತ್ತಿತ್ತು. ಟೈಮ್ ಆಫೀಸಿನ ಹಿರಿಯರು ಆಗಲೇ ಅದನ್ನು ಮುಖಕ್ಕೆ ಹಿಡಿದು ಕೂತಿದ್ದರು.

ಎದುರಿನ ಕುರ್ಚಿಯಲ್ಲಿ ಕೂತೆ. ಅವರು ಕೊನೆಯ ಪುಟದಿಂದ ಓದುವವರು. ನಿಧನವಾರ್ತೆಗಳನ್ನು ಒಂದೊಂದಾಗಿ ಮುಗಿಸಿ, ಕ್ರಿಕೆಟ್ ಮುಗಿಸಿ, ಐದನೇ ಪುಟಕ್ಕೆ ಬಂದರು. ನಾನು ಇಡ್ಲಿ ಸಾಂಬಾರು ತರಿಸಿದೆ, ತಿನ್ನುವುದಕ್ಕಲ್ಲ. ಅವರು ನಾಲ್ಕಕ್ಕೆ ಬಂದಾಗ ಬಟ್ಟಲನ್ನು ಮೊಣಕೈಯಿಂದ ತಳ್ಳಿದೆ. ಸಾಂಬಾರು ನನ್ನ ಮಡಿಲಿಗೇ ಬಿತ್ತು, ಪೇಪರಿಗೆ ಒಂದು ಹನಿಯೂ ತಾಗಲಿಲ್ಲ. ಅವರು ಗಾಬರಿಯಿಂದ ನೀರಿನ ಲೋಟ ನನ್ನ ಕಡೆ ತಳ್ಳಿ, ಪಾಪ ಎಂದು, ಮೂರನೇ ಪುಟ ತೆರೆದರು.

ಪೂರ್ತಿ ಓದಿದರು. ಕೊನೆಯ ಸಾಲಿಗೆ ಬಂದಾಗ ಅವರ ತುಟಿ ನಿಂತಿತು. ಪೇಪರ್ ಮಡಚಿ ನನ್ನನ್ನೂ ನನ್ನ ಸಾಂಬಾರನ್ನೂ ನೋಡಿದರು.

"ಇದನ್ನು ಬರೆದದ್ದು ನೀವಲ್ದಾ? ಸಂಘದಲ್ಲಿ ಕಂಡಿದೆ ನಿಮ್ಮನ್ನ."

ಹೌದೆಂದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು, ಸಾಂಬಾರು ಬಿಸಿಯೂ ಇತ್ತು. "ಸರ್, ತಪ್ಪು ನಂದು. ಅವರ ಹೆಸರು ಓದಬ್ಯಾಡ್ರಿ."

"ಓದುದು ನನ್ನ ಕೆಲಸ. ಒಂದೇ ಹೆಸರು ಇದ್ರೆ ಓದದೆ ಹ್ಯಾಂಗೆ ಬಿಡುದು? ನಾಳೆ ಬೇರೆ ಯಾರಾದ್ರೂ ಓದಿ ಹೇಳಿದ್ರೆ ನನ್ನ ನೌಕರಿಯೂ ಹೋಯ್ತು." ಚಷ್ಮ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳದೆ ಅಂಗಿಯ ಒಳಜೇಬಿಗೆ ಇಳಿಸಿದರು. "ಇವತ್ತು ಚಷ್ಮ ಮನೆಯಲ್ಲಿ ಮರ್ತು ಬಂದೆ. ಒಂದು ದಿನ ಮರೀಬಹುದು. ನಾಳೆ ತರ್ಲೇ ಬೇಕು." ಏಳುವಾಗ ಅರ್ಧ ನನಗೆ, ಅರ್ಧ ಗೋಡೆಗೆ ಹೇಳಿದರು: "ಸಂಘದ ವರದಿಯಲ್ಲಿ ಐವತ್ತು ಅರವತ್ತು ಹೆಸರು ಇರ್ತದಲ್ಲ, ಅದನ್ನು ನಾನೇ ಓದುದಿಲ್ಲ, ಮತ್ತೆ ಶೇಟ್ ಕೇಳ್ತಾರಾ?"

ಆ ಮಾತು ತಲೆಯೊಳಗೆ ಇಳಿಯಲು ಮಧ್ಯಾಹ್ನವಾಯಿತು. ಅಷ್ಟರಲ್ಲಿ ನಮ್ಮ ಸೊಸೈಟಿಗೆ ದಪ್ಪ ಮೀಸೆಯ ಒಬ್ಬ ಬಂದ. ಎರಡು ದಾರಿ ನೋಡಿಟ್ಟಿದ್ದೆನಲ್ಲ, ಹಿಂದಿನ ದಾರಿಗೆ ಸೊಸೈಟಿಯವರು ಕಳೆದ ವಾರವೇ ಬೀಗ ಜಡಿದಿದ್ದರು. ವಾಚ್‌ಮನ್ ಅವನಿಗೆ ನನ್ನ ಮಹಡಿ, ಮನೆ ನಂಬರು, ನಾನು ಸ್ನಾನ ಮುಗಿಸಿ ಊಟಕ್ಕೆ ಕೂಡುವ ಹೊತ್ತು ಎಲ್ಲವನ್ನೂ ಹೇಳಿ, ಲಿಫ್ಟಿನ ಬಾಗಿಲನ್ನೂ ತೆಗೆದುಕೊಟ್ಟ. ಬಂದವನು ಪೇಪರನ್ನು ನನ್ನ ಮುಂದೆ ಚಾಚಿದ. "ಶೇಟ್‌ನೇ ಭೇಜಾ ಹೈ. ಆಫೀಸ್‌ವಾಲಾ ಚಷ್ಮಾ ಭೂಲ್ ಗಯಾ. ಆಪ್ ಹೀ ಪಢ್ ಕೇ ಸುನಾವ್, ಕ್ಯಾ ಲಿಖಾ ಹೈ."

ಬರೆದವಳೇ ಓದಿ ಹೇಳಬೇಕಂತೆ! ಬಾಗಿಲಲ್ಲೇ ನಿಂತು, ಹಿಂದಿಯಲ್ಲಿ, ಟ್ಯಾಂಕರಿನ ನಂಬರು ಸಹಿತ ಓದಿದೆ. ಅವನು ಬೆರಳಿಟ್ಟು ಸಾಲು ಸಾಲೂ ನೋಡುತ್ತಿದ್ದ. ಕೊನೆಯದಕ್ಕೆ ಮೊದಲೇ ನಿಲ್ಲಿಸಿದೆ. ಅವನ ಬೆರಳು ಮಾತ್ರ ನಿಲ್ಲಲಿಲ್ಲ. "ಔರ್ ಯೇ ಲಾಸ್ಟ್ ಲೈನ್?"

"ವೋ ಆಭಾರ್ ಪ್ರದರ್ಶನ್ ಹೈ," ಎಂದೆ.

ಅವನ ಮುಖ ಸಡಿಲಾಯಿತು. ಮರಾಠಿ ಸಭೆಗಳಲ್ಲೂ ಕೊನೆಗೆ ವಂದನಾರ್ಪಣೆ ಇರುತ್ತದೆ, ಅಷ್ಟು ಹೊತ್ತಿಗೆ ಜನ ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ. ಅವನೂ ಪೇಪರ್ ಮಡಚಿದ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೋಗುವಾಗ, "ಖಬರ್ ದೇನೇವಾಲೇ ಕೋ ಶೇಟ್ ಛೋಡೇಗಾ ನಹೀಂ," ಎಂದ, ಸುದ್ದಿ ಕೊಟ್ಟವನನ್ನು ಶೇಟ್ ಬಿಡುವುದಿಲ್ಲವಂತೆ. ಬಾಗಿಲು ಹಾಕಿ ನೆಲದ ಮೇಲೆ ಕೂತೆ, ಈ ಸಲ ಯಾರೂ "ಡೌನ್" ಎನ್ನಬೇಕಾಗಿರಲಿಲ್ಲ. ಹೆದರಿಕೆ ನನ್ನ ಬಗ್ಗೆ ಅಲ್ಲ. ಆ ಹೊತ್ತಿನಲ್ಲಿ ಲ್ಯಾಬಿನವರು ಅದೇ ಶೇಟ್‌ನ ಕಟ್ಟಡದಲ್ಲಿ ಬಾಟಲಿ ತೊಳೆಯುತ್ತಾ ನಿಂತಿದ್ದರು.

ಕೂತಲ್ಲೇ ನಿರ್ಧಾರ ಮಾಡಿದೆ. ಹೆಸರನ್ನು ಇನ್ನು ಬಚ್ಚಿಡಲಾಗದು, ಗುಂಪಿನಲ್ಲಿ ನಿಲ್ಲಿಸಬಹುದು. ಆದರೆ ಕೇಳದೆ ಯಾರ ಹೆಸರನ್ನೂ ಹಾಕಬಾರದು, ಒಂದು ಸಲ ಹಾಕಿ ಆಗಿತ್ತು.

ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿದೆ. "ಸಂಘವನ್ನು ಇದಕ್ಕೆಲ್ಲ ಎಳೀಬೇಡಿ, ನನ್ನ ಹೆಸರಂತೂ ಬೇಡವೇ ಬೇಡ," ಎಂದರು. ಅವರ ಹೆಸರು ಬೇಡವೆಂದು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಅವತ್ತು ಸಂಜೆ ನಾಲ್ಕಕ್ಕೆ ಸಂಘದ ಹಾಲ್‌ನಲ್ಲಿ ಭಜನೆಯ ತಾಲೀಮಿತ್ತು. ಹೋಗಿ, ಹಾರ್ಮೋನಿಯಂ ನಿಲ್ಲಿಸಿ, ನಡೆದದ್ದನ್ನೆಲ್ಲ ಹೇಳಿದೆ. ಹೆಸರು ಕೊಟ್ಟರೆ ಗಲಾಟೆ ಆಗಬಹುದು, ಯಾರಾದರೂ ಮನೆಗೂ ಬರಬಹುದು, ಬೇಡ ಎನ್ನುವವರ ಮೇಲೆ ಬೇಜಾರಿಲ್ಲ ಎಂದೂ ಹೇಳಿದೆ. ಗಂಡಸರು ಫ್ಯಾನ್ ನೋಡಿದರು. ಹೆಂಗಸರು ಗಂಡಸರನ್ನು ನೋಡಿದರು.

ಗದಗಿನ ಕಡೆಯ ಅಜ್ಜಿಯೊಬ್ಬರು ಮೂಲೆಯಿಂದ ಕೇಳಿದರು, "ಯಾರು, ನಮ್ಮ ಕುರ್ಚಿ ಹಾಕಾಂವಾ?"

"ಹೌದ್ರಿ ಅಮ್ಮಾ."

"ನನಗ ಪ್ರತಿ ಸಲ ಫ್ಯಾನಿನ ಕೆಳಗ ಕುರ್ಚಿ ಹಿಡಿದಿಡ್ತಾನವಾ. ಆ ನಾಲಿ ವಾಸನಿಗೆ ನಾ ಹತ್ತು ವರ್ಷ ಆತು ಕಿಡಕಿ ತಗದಿಲ್ಲ. ದೇವರ ಮುಂದಿನ ಬೆಳ್ಳಿ ದೀಪದ ಸಮೆ ವಾರಕ್ಕೊಮ್ಮೆ ಕರ್ರಗಾಗ್ತಾವು. ನಾನೂ ಮಾಹಿತಿ ಕೊಟ್ಟೀನಿ ಅಂತ ಬರಿ. ನನ್ನ ಹೆಸರು ಮೊದ್ಲ ಇರಲಿ."

"ಮೊದಲು ಅವರದ್ದು ಹ್ಯಾಗೆ? ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆ ನಾನಿದ್ದೇನಲ್ಲ," ಎಂದು ಇನ್ನೊಬ್ಬರು ಎದ್ದರು. ಅಲ್ಲಿಂದ ಮುಂದೆ ನನ್ನ ಕೈ ಸಾಲಲಿಲ್ಲ. ಖಜಾಂಚಿಯ ಹೆಂಡತಿ ಗಂಡನ ಹೆಸರನ್ನು ತಾನೇ ನಿಂತು ಬರೆಸಿ, ಬಿಟ್ಟುಹೋಗದಂತೆ ಎರಡು ಸಲ ಓದಿಸಿದರು. ನಾನು ಒಂದು ಷರತ್ತು ಹಾಕಿದೆ: ಹೆಸರಿನ ಜೊತೆ ಕಂಡದ್ದನ್ನು ಹೇಳಬೇಕು, ಸುಳ್ಳು ಬೇಡ. ಒಬ್ಬರು ನೀರಿನ ಬಣ್ಣ ಹೇಳಿದರು, ಒಬ್ಬರು ಒಣಗಿದ ತುಳಸಿ, ಒಬ್ಬರು ಟ್ಯಾಂಕರಿನ ಹೊತ್ತು, ನನಗಿಂತ ನಿಖರವಾಗಿ. ಮೂರು ದಿನ ಸಂಡಿಗೆ ಕಾಯುತ್ತಾ ಕೂತು ನಾನು ತಂದದ್ದಕ್ಕಿಂತ ಹೆಚ್ಚಿನದು ಈ ಹಾಲ್‌ನಲ್ಲೇ ವರ್ಷಗಳಿಂದ ಕೂತಿತ್ತು. ಹನ್ನೆರಡು ವರ್ಷ ಇವರ ಹೆಸರು ಮಾತ್ರ ಬರೆದುಕೊಂಡು ಹೋಗುತ್ತಿದ್ದ ನನಗೆ ನಾಚಿಕೆಯಾಯಿತು.

ಅರವತ್ತೇಳು ಹೆಸರುಗಳಾದವು. ಲೋಕಲ್ ಹಿಡಿದು ನಾನೇ ಕಚೇರಿಗೆ ಒಯ್ದೆ, ಫ್ಯಾಕ್ಸಿನ ಸಹವಾಸ ಸಾಕಾಗಿತ್ತು. ಉಪಸಂಪಾದಕರು ಒಂದು ಜಾಹೀರಾತನ್ನೇ ಎತ್ತಿಸಿ ಜಾಗ ಮಾಡಿದರು. "ನಿನ್ನೆಯ ವರದಿಗೆ ಸಹಕರಿಸಿದವರ ಪಟ್ಟಿ ಸ್ಥಳಾಭಾವದಿಂದ ಅಪೂರ್ಣವಾಗಿತ್ತು. ಪೂರ್ಣ ಪಟ್ಟಿ ಇಲ್ಲಿದೆ," ಎಂದು ಮೇಲೆ ಬರೆದರು. ಅದೊಂದು ಸಾಲು ಸುಳ್ಳು, ಕೆಳಗಿನದ್ದೆಲ್ಲ ನಿಜ. ಲ್ಯಾಬಿನವರನ್ನು ಫೋನಿನಲ್ಲಿ ಕೇಳಿ, ನಾಲೆ ಬದಿಯ ನಿವಾಸಿ ಎಂದು ನಲವತ್ತೊಂದನೆಯವರಾಗಿ ಸೇರಿಸಿದೆವು. ಉಪಸಂಪಾದಕರು ಒಂದೊಂದು ಹೆಸರಿನ ಕೆಳಗೂ ಬೆರಳಿಟ್ಟು ಪ್ರೂಫ್ ನೋಡಿದರು.

ಮರುದಿನ ಟೈಮ್ ಆಫೀಸಿನ ಹಿರಿಯರು ಚಷ್ಮ ತಂದಿದ್ದರು. ಶೇಟ್ ಮುಂದೆ ನಿಂತು ಮೊದಲ ಹೆಸರಿನಿಂದ, ಅಜ್ಜಿಯ ಬೆಳ್ಳಿ ಸಮೆಯ ಸಮೇತ, ಒಂದನ್ನೂ ಬಿಡದೆ ಹಿಂದಿ ಮಾಡಿ ಓದುತ್ತಾ ಹೋದರಂತೆ. ಇಪ್ಪತ್ತರ ಹೊತ್ತಿಗೆ ಶೇಟ್ ಆಕಳಿಸಿದ, ಮೂವತ್ತಕ್ಕೆ ಸಾಕು ಎಂದು ಕೈ ಬೀಸಿದ. ಇಷ್ಟು ಜನರಲ್ಲಿ ಯಾರ ಕೈ ಮುರಿಯುವುದು? ಮುಂದಿನ ವಾರ ಅಧಿಕಾರಿಗಳು ಬಂದು ನಾಲೆ ನೋಡಿದರು. ಟ್ಯಾಂಕರ್ ಮಳೆಗಾಲದವರೆಗೆ ಕಾಣಲಿಲ್ಲ. ಆಮೇಲೆ ಕಂಡಿತು, ಅದು ಬೇರೆ ವರದಿ, ಅದನ್ನೂ ಬರೆದೆ. ಲ್ಯಾಬಿನವರ ನೌಕರಿ ಉಳಿಯಿತು. ವರ್ಷದ ಮೇಲೆ ತಾವೇ ಬಿಟ್ಟು ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಬೇರೆ ಕೆಲಸ ಹಿಡಿದರು. ಪಟ್ಟಿ ಬಂದ ದಿನ ಬೆಳಗ್ಗೆ ಏಳಕ್ಕೆ ಸರಿಯಾಗಿ ನನಗೊಂದು ಫೋನು ಬಂದಿತ್ತು. ಸಂಘದ ಅಧ್ಯಕ್ಷರು. ಅರವತ್ತೇಳು ಜನರಲ್ಲಿ ಅಧ್ಯಕ್ಷರ ಹೆಸರೇ ಇಲ್ಲ, ಇದೆಂಥ ವರದಿ ಎಂದು ಅವರಿಗೆ ಸಿಟ್ಟು.

ಹೊಸ ಕೆಲಸ ಹಿಡಿದ ಮೇಲೆ ಲ್ಯಾಬಿನವರು ಒಂದು ಭಾನುವಾರ ನಮ್ಮ ಮನೆಗೆ ಬಂದರು. ಹೆಲ್ಮೆಟ್ಟನ್ನು ಬಾಗಿಲಲ್ಲೇ ಬಿಚ್ಚಿದರು. ಚಹಾ ಕುಡಿದು, ಬಿಸ್ಕತ್ತು ಮುರಿದು, ಅತ್ತ ಇತ್ತ ನೋಡಿ ಕೇಳಿದರು, "ಅಕ್ಕ, ಆ ಪೇಪರ್ ಒಂದು ಸಿಕ್ಕೀತಾ?"

"ಯಾವುದು, ಪಟ್ಟಿ ಬಂದದ್ದಾ?"

"ಅದಲ್ಲ. ಅದರ ಮುಂಚಿನ ದಿನದ್ದು. ಬರೇ ನನ್ನ ಹೆಸರು ಇದ್ದದ್ದು. ಅಮ್ಮನಿಗೆ ತೋರಿಸ್ಬೇಕಿತ್ತು."

ಅವತ್ತು ಕೊಂಡ ಕಟ್ಟನ್ನು ನಾನು ಸುಡಬೇಕೆಂದಿದ್ದೆ, ಆದರೆ ಒಳ್ಳೆಯ ಕಾಗದ ಎಂದು ಅಡುಗೆಮನೆಯ ಕಪಾಟಿಗೆ ಹಾಸಿದ್ದೆ. ಒಂದೊಂದೇ ಡಬ್ಬ ಎತ್ತಿ ನೋಡುತ್ತಾ ಹೋದೆ. ತೊಗರಿಬೇಳೆ ಡಬ್ಬದ ಕೆಳಗೆ ಮೂರನೇ ಪುಟ ಸಿಕ್ಕಿತು. ನಾಲೆಯ ಚಿತ್ರದ ಮೇಲೆ ಎಣ್ಣೆಯ ದುಂಡನೆ ಗುರುತು. ಕೊನೆಯ ಸಾಲಿಗೆ ಏನೂ ಆಗಿರಲಿಲ್ಲ. ಕತ್ತರಿಯಿಂದ ಕತ್ತರಿಸಿ ಕೊಟ್ಟೆ.

ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಹೆಸರಿನ ಹಿಂದಿನ "ಶ್ರೀ" ಮೇಲೆ ಹೆಬ್ಬೆರಳು ಆಡಿಸಿದರು. ಅತಿಥಿಗಳಿಗೆ ಮಾತ್ರ ಹಾಕುವುದು ಅದು, ಅವರಿಗೂ ಗೊತ್ತಿತ್ತು. ತಪ್ಪಾಯಿತು ಎಂದು ಇನ್ನೊಮ್ಮೆ ಹೇಳಬೇಕೆಂದು ಬಾಯಿ ತೆರೆದೆ.

ಅವರು ಕಾಗದವನ್ನು ಜೋಪಾನವಾಗಿ ಮಡಚಿ ಅಂಗಿಯ ಜೇಬಿಗಿಟ್ಟರು.

"ಫೋಟೊ ಕೇಳಿದ್ರೆ ಕೊಡ್ತಿದ್ದೆ ಮಾರಾಯ್ರೇ," ಎಂದರು.